ಕಬ್ಬಿನ ಕಸ: ಹೊಲಕ್ಕೆ ಬಂದರೆ ಗೊಬ್ಬರ, ಹೊಳೆಗೆ ಬಿದ್ದರೆ ವಿಷ

ಕಬ್ಬು ಕಡಿಯುವ ಹಂಗಾಮು ದೀಪಾವಳಿಯ ಹಿಂದೆ ಮುಂದೆ ಸುರುವಾಗಿ ಶಿವರಾತ್ರಿಯವರೆಗೆ ನಡೆಯುತ್ತದೆ. ಈ ನಾಲ್ಕು ತಿಂಗಳಲ್ಲಿ ಅಕ್ಕಲಕೋಟೆ ತಾಲೂಕಿನ ಕರಜಗಿ ಮತ್ತು ಅದರ ಸುತ್ತಲಿನ ನಮ್ಮ ಕನ್ನಡ ಹಳ್ಳಿಗಳ ರೈತರ ಮುಂದೆ ಮೂರು ತೊಂದರೆಗಳು ಬಂದು ನಿಲ್ಲುತ್ತವೆ. ಕಬ್ಬು ಹೋದ ಹೊಲದಲ್ಲಿ ರವದಿಯನ್ನು ಏನು ಮಾಡಬೇಕೆಂದು ತಿಳಿಯದೆ ಬೆಂಕಿ ಹಚ್ಚುತ್ತಾರೆ. ಕಾರಖಾನೆಗಳ ಕೆಳಗಿನ ಹಳ್ಳದ ನೀರು ಕೆಟ್ಟರೆ ದನಗಳಿಗೆ ಕುಡಿಸುವುದು ಹೇಗೆಂಬ ಚಿಂತೆ ಹತ್ತುತ್ತದೆ. ಊರೊಳಗೆ ಗಟಾರದ ನೀರು ಓಣಿಯಲ್ಲಿ ನಿಂತು ಸೊಳ್ಳೆಗೆ ತವರುಮನೆಯಾಗುತ್ತದೆ.

ಈ ಮೂರೂ ಬೇರೆ ಬೇರೆ ತೊಂದರೆಗಳೆಂದು ತೋರಿದರೂ ಇವುಗಳ ಬೇರು ಒಂದೇ. ಒಂದು ಕಡೆಗೆ ಬೇಕಾದ ವಸ್ತು ಬೇಡವಾದ ಕಡೆಗೆ ಹೋಗಿ ಬಿದ್ದಿರುತ್ತದೆ. ಮಣ್ಣಿಗೆ ಸೇರಬೇಕಾದುದು ಗಾಳಿಗೆ ಹೋದರೆ ಹೊಗೆ. ನೀರಿಗೆ ಹೋದರೆ ಹೊಲಸು. ಹೊಲಸಾದ ಮೇಲೆ ತೊಳೆಯುವುದಕ್ಕಿಂತ ಹೊಲಸಾಗದಂತೆ ಹುಟ್ಟುವ ಜಾಗದಲ್ಲಿಯೇ ತಡೆಯುವುದು ಯಾವಾಗಲೂ ಸೋವಿ. ಈ ಮಾತು ಸಕ್ಕರೆ ಕಾರಖಾನೆಗೂ ಸಲ್ಲುತ್ತದೆ, ಒಂದು ಎಕರೆಯ ಒಕ್ಕಲಿಗನಿಗೂ ಸಲ್ಲುತ್ತದೆ. ಅದು ಹೇಗೆಂಬುದನ್ನು ಲೆಕ್ಕ ಹಾಕಿ ನೋಡೋಣ.

ನೀರಿಗೆ ಗಡಿ ಇಲ್ಲ

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುತ್ತದೆ. ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಪಟ್ಟಣಗಳ ಹೊಲಸು ನೀರು ಮುಳಾ, ಮುಠಾ, ಪವನಾ, ಇಂದ್ರಾಯಣಿ ಹೊಳೆಗಳ ಮೂಲಕ ಇದಕ್ಕೇ ಬಂದು ಕೂಡುತ್ತದೆ. ಆ ನೀರೆಲ್ಲ 1980ರಲ್ಲಿ ಮುಗಿದ ಉಜನಿ ಆಣೆಕಟ್ಟಿನಲ್ಲಿ ನಿಂತು, ಪಂಢರಪುರವನ್ನು ದಾಟಿ ಕೆಳಗೆ ಬರುತ್ತದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಕೂಡಲದಲ್ಲಿ ಸೀನಾ ಹೊಳೆ ಇದನ್ನು ಸೇರುತ್ತದೆ. ಆಮೇಲೆ ಭೀಮೆ ನಮ್ಮ ತಾಲೂಕಿನ ತೆಂಕಣ ಅಂಚಿಗೆ ಹರಿಯುತ್ತಾಳೆ. ಇತ್ತ ನಳದುರ್ಗದ ಕೋಟೆಯ ಬದಿಯಿಂದ ಬರುವ ಬೋರಿ ಹೊಳೆ ಕುರನೂರ ಆಣೆಕಟ್ಟಿನಲ್ಲಿ ತಂಗಿ, ಮುಂದೆ ಹರಿದು ಭೀಮೆಗೇ ಕೂಡುತ್ತದೆ. ಅಲ್ಲಿಂದ ಮುಂದೆ ಅಫಜಲಪುರ, ಗಾಣಗಾಪುರ. ಕಡೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ನದಿ.

ಇದರ ಅರ್ಥವನ್ನು ನಾವು ಚೆನ್ನಾಗಿ ಮನಗಾಣಬೇಕು. ಪುಣೆಯವರ ಕೆಳಗೆ ನಾವಿದ್ದೇವೆ. ಗಾಣಗಾಪುರದವರ ಮೇಲೆ ನಾವಿದ್ದೇವೆ. ಮೇಲಿನವರು ನಮಗೆ ಮಾಡಿದ್ದನ್ನು ಬಯ್ಯುವ ನಾವು ಕೆಳಗಿನವರಿಗೆ ಅದನ್ನೇ ಮಾಡಬಾರದು. 1956ರಲ್ಲಿ ರಾಜ್ಯಗಳ ಗೆರೆ ಎಳೆದರು, ನಾವು ಈಚೆಗೆ ಉಳಿದೆವು. ಆದರೆ ಹಳ್ಳದ ನೀರಿಗೆ ಆ ಗೆರೆ ಗೊತ್ತಿಲ್ಲ.

ಒಂದು ಟನ್ ಕಬ್ಬಿನ ಲೆಕ್ಕ

ಸೊಲ್ಲಾಪುರ ಜಿಲ್ಲೆಯ ಸಕ್ಕರೆಯ ಇತಿಹಾಸ ಹಳೆಯದು. ಮಾಳಶಿರಸ ತಾಲೂಕಿನ ಮಾಳಿನಗರದಲ್ಲಿ 1930ರ ದಶಕದಲ್ಲಿಯೇ ಕಾರಖಾನೆ ನಡೆಯಿತು. ಈಗ ಜಿಲ್ಲೆಯಲ್ಲಿ 30ಕ್ಕೂ ಹೆಚ್ಚು ಕಾರಖಾನೆಗಳಿವೆ. ನಮ್ಮ ಹೊಲದಿಂದ ಒಂದು ಟನ್ ಕಬ್ಬು ಗಾಡಿ ಹತ್ತಿ ಹೋದರೆ ಅದು ಏನೇನಾಗುತ್ತದೆಂಬುದನ್ನು ಬಹಳ ಜನ ವಿಚಾರಿಸುವುದಿಲ್ಲ.

ಒಂದು ಟನ್ ಕಬ್ಬಿನಲ್ಲಿ ಸುಮಾರು 700 ಲೀಟರ್ ನೀರೇ ಇರುತ್ತದೆ. ಸಕ್ಕರೆ ಸಿಕ್ಕುವುದು 100ರಿಂದ 110 ಕಿಲೋ. ಹಿಂಡಿದ ಸಿಪ್ಪೆ, ಅಂದರೆ ಬಗ್ಯಾಸ್, 280ರಿಂದ 300 ಕಿಲೋ ಬೀಳುತ್ತದೆ; ಅದರಲ್ಲಿ ಅರ್ಧ ಪಾಲು ತೇವ. ಹಾಲು ಸೋಸಿದಾಗ ಉಳಿಯುವ ಕಪ್ಪು ಮಡ್ಡಿ, ಅಂದರೆ ಪ್ರೆಸ್‌ಮಡ್, 30ರಿಂದ 40 ಕಿಲೋ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ 40ರಿಂದ 45 ಕಿಲೋ.

ಹಿಂದಿನ ಕಾಲದಲ್ಲಿ ಬಗ್ಯಾಸಿನ ರಾಶಿ ಕಾರಖಾನೆಗೆ ತಲೆನೋವಾಗಿತ್ತು. ಈಗ ಅದನ್ನು ಯಾರೂ ಎಸೆಯುವುದಿಲ್ಲ. ಅದನ್ನು ಉರಿಸಿ ಉಗಿ ಮಾಡಿ ಯಂತ್ರ ನಡೆಸುತ್ತಾರೆ, ವಿದ್ಯುತ್ ಮಾಡಿ ಮಾರುತ್ತಾರೆ, ಕಾಗದವನ್ನೂ ಮಾಡುತ್ತಾರೆ. ಕಸವೆಂಬುದು ಲೆಕ್ಕ ಹಾಕುವವನು ಹುಟ್ಟುವವರೆಗೆ ಮಾತ್ರ ಕಸ ಎಂಬುದಕ್ಕೆ ಇದೇ ಸಾಕ್ಷಿ.

ನೀರಿನ ಸಂಗತಿಯೂ ಹಾಗೆಯೇ. ಕಬ್ಬಿನೊಳಗಿನ ನೀರು ಕುದಿದು ಉಗಿಯಾಗಿ, ಮತ್ತೆ ತಣಿದು ನೀರಾಗುತ್ತದೆ. ಆ ನೀರನ್ನು ಹಿಡಿದು ತಿರುಗಿ ಬಳಸಿದರೆ ಕಾರಖಾನೆಗೆ ಹೊಳೆಯ ನೀರು ಬಹಳ ಬೇಕಾಗುವುದಿಲ್ಲ; ಹೊರಗೆ ಬಿಡುವ ನೀರೂ ಕಡಿಮೆಯಾಗುತ್ತದೆ. ಇದನ್ನು ಕಂಡೇ ಕೇಂದ್ರ ಸರಕಾರ 2016ರಲ್ಲಿ ಸಕ್ಕರೆ ಕಾರಖಾನೆಗಳಿಗೆ ಹೊಸ ನಿಯಮ ಮಾಡಿ, ಅರೆದ ಪ್ರತಿ ಟನ್ ಕಬ್ಬಿಗೆ ಹೊರಬಿಡುವ ನೀರಿನ ಮಿತಿಯನ್ನು 400 ಲೀಟರಿನಿಂದ 200 ಲೀಟರಿಗೆ ಇಳಿಸಿತು. ಸೋರುವ ಪಂಪು, ಉಕ್ಕಿ ಚೆಲ್ಲುವ ರಸ, ತೊಳೆಯುವಾಗ ಸುಮ್ಮನೆ ಹರಿಬಿಟ್ಟ ನಳ, ಇವನ್ನು ಕಾರಖಾನೆಯ ಒಳಗೇ ಸರಿಪಡಿಸಿದರೆ ಹೊರಗಿನ ಹಳ್ಳಕ್ಕೆ ಅರ್ಧ ಆರೋಗ್ಯ ಬಂದಂತೆಯೇ.

ರವದಿಗೆ ಬೆಂಕಿ ಯಾಕೆ ಬೇಡ

ಕಾರಖಾನೆಯ ಮಾತು ಹಾಗಿರಲಿ, ಮೊದಲು ನಮ್ಮ ಹೊಲದ ಮಾತನ್ನು ನೋಡೋಣ. ಒಂದು ಎಕರೆ ಕಬ್ಬು ಕಡಿದ ಮೇಲೆ ಸುಮಾರು 3ರಿಂದ 4 ಟನ್ ರವದಿ ನೆಲದ ಮೇಲೆ ಉಳಿಯುತ್ತದೆ. ಒಂದು ಟನ್ ರವದಿಯಲ್ಲಿ ಸುಮಾರು 4ರಿಂದ 5 ಕಿಲೋ ಸಾರಜನಕವಿರುತ್ತದೆ. ಬೆಂಕಿ ಹಚ್ಚಿದರೆ ಈ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತದೆ. ಮೂರೂವರೆ ಟನ್ನಿಗೆ ಲೆಕ್ಕ ಹಾಕಿದರೆ 14ರಿಂದ 17 ಕಿಲೋ ಸಾರಜನಕ, ಅಂದರೆ ಮುಕ್ಕಾಲು ಚೀಲದಷ್ಟು ಯೂರಿಯಾ. ಕಾಸು ಕೊಟ್ಟು ತಂದ ಯೂರಿಯಾ ಚೀಲಕ್ಕೆ ಯಾವ ರೈತನೂ ಕಡ್ಡಿ ಗೀರುವುದಿಲ್ಲ. ರವದಿಗೆ ಮಾತ್ರ ಗೀರುತ್ತೇವೆ.

ಹೋಗುವುದು ಯೂರಿಯಾ ಒಂದೇ ಅಲ್ಲ. ನಮ್ಮ ಎರೆ ಭೂಮಿ ವರ್ಷ ವರ್ಷ ಕಬ್ಬು ಹಾಕಿ, ನೀರು ಬಿಟ್ಟು, ಮೇಲು ಗೊಬ್ಬರ ಸುರಿದು ಗಟ್ಟಿಯಾಗುತ್ತ ನಡೆದಿದೆ. ಅದಕ್ಕೆ ಬೇಕಾದುದು ಕೊಳೆತ ಎಲೆ, ಕೊಳೆತ ಕಡ್ಡಿ. ಅದೇ ಮಣ್ಣಿನ ಜೀವ. ಬೆಂಕಿಯ ಕಾವಿಗೆ ಮೇಲ್ಮಣ್ಣಿನ ಸೂಕ್ಷ್ಮ ಜೀವಿಗಳು ಸಾಯುತ್ತವೆ, ಎರೆಹುಳು ಸಾಯುತ್ತವೆ. ಬೋದಿನ ಮೇಲೆ ಉಳಿದ ಕೂಳೆಯ ಕಣ್ಣುಗಳಿಗೂ ಬಿಸಿ ತಟ್ಟುತ್ತದೆ. ಗಾಳಿ ಬೀಸಿದರೆ ಪಕ್ಕದವನ ನಿಂತ ಕಬ್ಬಿಗೆ, ಕಣಿಕೆಯ ಬಣವಿಗೆ, ಹನಿ ನೀರಾವರಿಯ ಕೊಳವೆಗೆ ಕಿಡಿ ಹಾರುತ್ತದೆ. ಹೊಗೆಯಂತೂ ಊರಿನ ಮುದುಕರಿಗೆ, ಕೂಸುಗಳಿಗೆ, ದಮ್ಮಿನ ರೋಗಿಗಳಿಗೆ ನೇರವಾಗಿ ಎದೆಗೆ ಹೋಗುತ್ತದೆ.

ಕಡಿಯುವ ಟೋಳಿಯವರಿಗೆ ಸುಲಭವಾಗಲೆಂದು ನಿಂತ ಕಬ್ಬಿಗೇ ಬೆಂಕಿ ಕೊಡುವುದು ಇನ್ನೂ ಕೇಡು. ಸುಟ್ಟ ಕಬ್ಬಿನ ತೂಕ ದಿನದಿನಕ್ಕೆ ಇಳಿಯುತ್ತದೆ, ಸಕ್ಕರೆಯ ಅಂಶ ಕೆಡುತ್ತದೆ, ಕಾರಖಾನೆಯವರು ದರದಲ್ಲಿ ಕಡಿತ ಮಾಡುವುದೂ ಉಂಟು.

ರವದಿ ಕೊಳೆಸುವ ಕ್ರಮ

ರವದಿಯನ್ನು ಹೊಲದಲ್ಲಿಯೇ ಕೊಳೆಸುವುದು ಕಷ್ಟವೆಂದು ಬಹಳ ಜನರ ತಿಳುವಳಿಕೆ. ಕ್ರಮ ತಿಳಿದರೆ ಕಷ್ಟವಿಲ್ಲ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ, ಪುಣೆಯ ಹತ್ತಿರ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆ, ಇವುಗಳ ತಜ್ಞರು ಇದನ್ನು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ.

ಮೊದಲನೆಯದಾಗಿ, ಕಬ್ಬನ್ನು ನೆಲಕ್ಕೆ ಹತ್ತಿಸಿ ಕಡಿಸಬೇಕು. ಎತ್ತರಕ್ಕೆ ಉಳಿದ ಬುಡಗಳನ್ನು ಹರಿತವಾದ ಕುಡಗೋಲಿನಿಂದ ಸವರಬೇಕು. ಆಗ ಕೂಳೆಯ ಮೊಳಕೆ ನೆಲದೊಳಗಿನಿಂದ ಗಟ್ಟಿಯಾಗಿ ಬರುತ್ತದೆ.

ಎರಡನೆಯದಾಗಿ, ಬೋದಿನ ಮೇಲೆ ಬಿದ್ದ ರವದಿಯನ್ನು ಸಾಲಿಗೆ ಎಳೆದು ಹಾಕಬೇಕು. ಬುಡದ ಮೇಲೆ ಬಿಸಿಲು ಬೀಳಬೇಕು, ಸಾಲು ರವದಿಯಿಂದ ಮುಚ್ಚಬೇಕು. ನೀರು ಹಾಯಿಸುವುದು ಕಷ್ಟವೆಂದು ತೋರಿದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಬಹುದು.

ಮೂರನೆಯದಾಗಿ, ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್, 1 ಕಿಲೋ ರವದಿ ಕೊಳೆಸುವ ಜೀವಾಣು ಗೊಬ್ಬರ, ಈ ಪ್ರಮಾಣದಲ್ಲಿ ಚೆಲ್ಲಬೇಕು. ಜೀವಾಣು ಗೊಬ್ಬರವನ್ನು ಕೊಳೆತ ಸೆಗಣಿ ಗೊಬ್ಬರದಲ್ಲಿ ಬೆರೆಸಿ ಚೆಲ್ಲಿದರೆ ಎಲ್ಲೆಡೆಗೂ ಸಮನಾಗಿ ಬೀಳುತ್ತದೆ. ಯೂರಿಯಾ ಯಾಕೆಂದು ಕೇಳಬಹುದು. ಕೊಳೆಸುವ ಜೀವಿಗಳಿಗೂ ಹೊಟ್ಟೆಗೆ ಸಾರಜನಕ ಬೇಕು. ನಾವು ಕೊಡದಿದ್ದರೆ ಅವು ಬೆಳೆಯ ಪಾಲಿನದನ್ನು ತಿನ್ನುತ್ತವೆ. ಆಗ ಕೂಳೆ ಹಳದಿಯಾಗುತ್ತದೆ. ಕೆಲವರು ರವದಿ ಹಾಕಿ ಬೆಳೆ ಹಳದಿಯಾಯಿತೆಂದು ದೂರುವುದಕ್ಕೆ ಇದೇ ಕಾರಣ.

ನಾಲ್ಕನೆಯದಾಗಿ, ಮೇಲೆ ನೀರು ಬಿಟ್ಟು ರವದಿಯನ್ನು ತೋಯಿಸಬೇಕು, ತುಳಿದು ಮಣ್ಣಿಗೆ ಹತ್ತಿಸಬೇಕು. ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಅದು ಕಪ್ಪಾಗಿ ಪುಡಿಯಾಗುತ್ತದೆ. ಅಷ್ಟರ ತನಕ ಅದು ಸುಮ್ಮನಿರುವುದಿಲ್ಲ. ಬಿಸಿಲಿಗೆ ನೆಲದ ತೇವ ಹಾರದಂತೆ ಹೊದಿಕೆಯಾಗುತ್ತದೆ, ಕಳೆ ಏಳದಂತೆ ತಡೆಯುತ್ತದೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ನಮ್ಮ ಸೀಮೆಗೆ ಇದು ಸಣ್ಣ ಲಾಭವಲ್ಲ.

ರವದಿಯ ಮೇಲೆ ಗೊಬ್ಬರ ಕೊಡುವುದು ಹೇಗೆಂಬ ತೊಡಕಿಗೆ ಬಾರಾಮತಿಯ ಹತ್ತಿರ ಮಾಳೆಗಾವಿಯಲ್ಲಿರುವ ಕೇಂದ್ರದ ಸಂಶೋಧನ ಸಂಸ್ಥೆಯವರು ಒಂದು ಯಂತ್ರ ಮಾಡಿದ್ದಾರೆ. ಟ್ರ್ಯಾಕ್ಟರಿಗೆ ಕಟ್ಟಿದರೆ ಅದು ಬುಡ ಸವರುತ್ತದೆ, ಬೋದಿನ ಬದಿ ಒಡೆಯುತ್ತದೆ, ಹಳೆಯ ಬೇರು ಕತ್ತರಿಸುತ್ತದೆ, ಗೊಬ್ಬರವನ್ನು ಬೇರಿನ ಬದಿಗೆ ಮಣ್ಣಿನೊಳಗೆ ಇಡುತ್ತದೆ. ಒಬ್ಬನಿಗೆ ಕೊಳ್ಳುವುದು ಭಾರವಾದರೆ ಹತ್ತು ಮಂದಿ ಕೂಡಿ ಬಾಡಿಗೆಗೆ ತರಬಹುದು.

ಒಂದೆರಡು ಎಚ್ಚರಿಕೆಯ ಮಾತು. ರೋಗ ಬಿದ್ದ ಕಬ್ಬಿನ ರವದಿಯನ್ನು ಕೂಳೆಯಲ್ಲಿ ಇಡಬಾರದು. ಅದನ್ನು ಹೊರಗೆ ಒಯ್ದು ಗುಂಡಿಯಲ್ಲಿ ಕೊಳೆಸಬೇಕು. ನೀರು ನಿಲ್ಲುವ ತಗ್ಗಿನ ಹೊಲದಲ್ಲಿ ಮೊದಲು ಕಾಲುವೆ ತೆಗೆದು ಬಸಿ ಮಾಡಿಕೊಳ್ಳಬೇಕು. ಪಕ್ಕದಲ್ಲಿ ಬೆಂಕಿ ಹಚ್ಚುವವರು ಇದ್ದರೆ ಬದುವಿನ ಗುಂಟ ಎಂಟು ಹತ್ತು ಅಡಿ ರವದಿ ಸರಿಸಿ ಬರಿ ನೆಲ ಬಿಡಬೇಕು.

ಡಿಸ್ಟಿಲರಿಯ ಕಂದು ನೀರು

ಈಗ ಹಳ್ಳದ ಮಾತು. ಕಾಕಂಬಿಯಿಂದ ಡಿಸ್ಟಿಲರಿಗಳಲ್ಲಿ ಮದ್ಯಸಾರ, ಇಥೆನಾಲ್ ತೆಗೆಯುತ್ತಾರೆ. ಪೆಟ್ರೋಲಿನಲ್ಲಿ ಶೇಕಡಾ 20 ಇಥೆನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಆದುದರಿಂದ ಡಿಸ್ಟಿಲರಿಗಳ ಕೆಲಸವೂ ಹೆಚ್ಚಿದೆ. ಕಬ್ಬಿಗೆ ಒಳ್ಳೆಯ ದರ ಬರಲು ಇದು ಸಹಾಯವೇ. ಆದರೆ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಕಂದು ಬಣ್ಣದ, ಹುಳಿ ವಾಸನೆಯ ನೀರು ಉಳಿಯುತ್ತದೆ. ಇದಕ್ಕೆ ಸ್ಪೆಂಟ್‌ವಾಶ್ ಎಂದು ಹೆಸರು.

ಇದು ಹಳ್ಳಕ್ಕೆ ಬಿದ್ದರೆ ಮೀನು ಯಾಕೆ ಸಾಯುತ್ತವೆ? ಅದರಲ್ಲಿ ವಿಷ ಬೆರೆಸಿರುತ್ತಾರೆಂದು ಜನ ತಿಳಿಯುತ್ತಾರೆ. ನಿಜ ಕಾರಣ ಬೇರೆ. ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಉಸಿರಾಡಿ ಮೀನು ಬದುಕುತ್ತದೆ. ನಮ್ಮ ಸೆಕೆಯ ಸೀಮೆಯಲ್ಲಿ ಒಳ್ಳೆಯ ನೀರಿನ ಒಂದು ಲೀಟರಿನಲ್ಲಿ 7 ಮಿಲಿಗ್ರಾಂ ಆಸುಪಾಸು ಪ್ರಾಣವಾಯು ಇರುತ್ತದೆ. ಕೊಳೆಯುವ ವಸ್ತು ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮ ಜೀವಿಗಳು ಲಕ್ಷೋಪಲಕ್ಷ ಬೆಳೆದು ಆ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ. ಮೀನು ಉಸಿರು ಕಟ್ಟಿ ಸಾಯುತ್ತದೆ, ನೀರು ಕಪ್ಪಾಗಿ ನಾರುತ್ತದೆ.

ಮನೆಗಳ ಗಟಾರದ ನೀರು ಒಂದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಪ್ರಾಣವಾಯುವನ್ನು ಬೇಡುತ್ತದೆ. ಶುದ್ಧಿ ಮಾಡದ ಸ್ಪೆಂಟ್‌ವಾಶ್ ಬೇಡುವುದು 40 ಸಾವಿರದಿಂದ 60 ಸಾವಿರ ಮಿಲಿಗ್ರಾಂ. ಅಂದರೆ ಗಟಾರದ ನೀರಿಗಿಂತ ಸುಮಾರು 200 ಪಟ್ಟು ಹೆಚ್ಚು. ಇದನ್ನು ನಮ್ಮ ಅಳತೆಯಲ್ಲಿ ಹೇಳೋಣ. 20 ಅಡಿ ಉದ್ದ, 20 ಅಡಿ ಅಗಲದ ಬಾವಿಯಲ್ಲಿ 9 ಅಡಿ ನೀರು ನಿಂತರೆ ಅದು ಸುಮಾರು 1 ಲಕ್ಷ ಲೀಟರ್. ಅಷ್ಟು ನೀರಿನ ಪ್ರಾಣವಾಯುವನ್ನೆಲ್ಲ ತಿಂದುಹಾಕಲು 15 ಲೀಟರಿನ ಒಂದೇ ಒಂದು ಕೊಡ ಸ್ಪೆಂಟ್‌ವಾಶ್ ಸಾಕು. ಇಂಥದನ್ನು ಹಳ್ಳಕ್ಕೆ ಬಿಡುವುದೆಂದರೆ ಏನೆಂಬುದನ್ನು ಓದುಗರೇ ತಿಳಿಯಬಹುದು.

ಇದೇ ನೀರಿನಲ್ಲಿ ಹೊನ್ನೂ ಇದೆ. ಕಬ್ಬು ನಮ್ಮ ಮಣ್ಣಿನಿಂದ ಎಳೆದುಕೊಂಡು ಹೋದ ಪೊಟ್ಯಾಶ್‌ನ ದೊಡ್ಡ ಪಾಲು ಕಾಕಂಬಿಯ ಮೂಲಕ ಇದರಲ್ಲಿ ಬಂದು ಸೇರಿರುತ್ತದೆ. ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಸಿದರೆ ಉರಿಯುವ ಅನಿಲ ಸಿಕ್ಕುತ್ತದೆ. ಗಟ್ಟಿಯಾಗಿ ಕಾಸಿ ಬಾಯ್ಲರಿನಲ್ಲಿ ಉರಿಸಿದರೆ ಉಗಿಯೂ ಸಿಕ್ಕುತ್ತದೆ, ಪೊಟ್ಯಾಶ್ ತುಂಬಿದ ಬೂದಿಯೂ ಸಿಕ್ಕುತ್ತದೆ. ಶೇಕಡಾ 14.5 ಪೊಟ್ಯಾಶ್ ಇರುವ ಈ ಗೊಬ್ಬರವನ್ನು ಕೇಂದ್ರ ಸರಕಾರ 2021ರಲ್ಲಿ ರಿಯಾಯತಿ ಗೊಬ್ಬರಗಳ ಯಾದಿಗೆ ಸೇರಿಸಿತು. ಪೊಟ್ಯಾಶ್ ಗೊಬ್ಬರವನ್ನು ಹೆಚ್ಚುಕಡಿಮೆ ಪೂರ್ತಿ ಹೊರದೇಶಗಳಿಂದ ತರಿಸುವ ನಮಗೆ ಇದು ಎಷ್ಟು ದೊಡ್ಡ ಮಾತು! ಡಿಸ್ಟಿಲರಿಗಳು ಒಂದು ಹನಿ ಹೊಲಸು ನೀರನ್ನೂ ಹೊರಗೆ ಬಿಡಕೂಡದೆಂದು ಮಾಲಿನ್ಯ ನಿಯಂತ್ರಣ ಮಂಡಳಿಗಳು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಇಲ್ಲಿ ನಮ್ಮ ರೈತರಿಗೆ ಒಂದು ಕಿವಿಮಾತು. ಯಾರಾದರೂ ಟ್ಯಾಂಕರಿನಲ್ಲಿ ಕಂದು ನೀರು ತಂದು, “ಪುಕ್ಕಟೆ ಗೊಬ್ಬರ, ನಿಮ್ಮ ಹೊಲಕ್ಕೆ ಬಿಡುತ್ತೇವೆ” ಎಂದರೆ ಕೂಡಲೆ ಒಪ್ಪಬಾರದು. ಶುದ್ಧಿ ಮಾಡದ ನೀರು ಮಣ್ಣಿಗೆ ಉಪ್ಪು ತುಂಬುತ್ತದೆ, ಕೆಳಗಿಳಿದು ಬಾವಿಯ ನೀರನ್ನು ಕೆಂಪಾಗಿಸುತ್ತದೆ. ಒಮ್ಮೆ ಕೆಟ್ಟ ಬಾವಿ ವರ್ಷಗಟ್ಟಲೆ ಸುಧಾರಿಸುವುದಿಲ್ಲ. ಪುಕ್ಕಟೆಯ ಮಾತಿಗೆ ಬಾವಿಯನ್ನು ಮಾರಬಾರದು.

ಪ್ರೆಸ್‌ಮಡ್ಡಿನ ಸಂಗತಿ ಬೇರೆ. ಅದು ಒಳ್ಳೆಯ ಗೊಬ್ಬರ. ಆದರೆ ಹಸಿಯದನ್ನು ತಂದ ದಿನವೇ ಬೆಳೆಗೆ ಹಾಕಿದರೆ ಅದು ಕಾವೇರಿ ಬೇರನ್ನು ಸುಡುತ್ತದೆ. ಗುಡ್ಡೆ ಹಾಕಿ, ತೇವ ಕೊಟ್ಟು, ವಾರ ಹತ್ತು ದಿನಕ್ಕೊಮ್ಮೆ ಮೊಗಚಿ, ಕಾವು ಇಳಿದು ಮಣ್ಣಿನ ವಾಸನೆ ಬಂದ ಮೇಲೆ ಹಾಕಬೇಕು. ರವದಿಯೊಂದಿಗೆ ಪದರು ಪದರಾಗಿ ಹಾಕಿ ಕೊಳೆಸಿದರೆ ಇನ್ನೂ ಚಲೋ.

ಮಗ್ಗದ ಬಣ್ಣದ ನೀರು

ನಮ್ಮ ಹಳ್ಳಿಗಳ ಎಷ್ಟೋ ಜನ ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿ ಚಾದರ, ಟವೆಲಿನ ಮಗ್ಗಗಳ ಮೇಲೆ ದುಡಿಯುತ್ತಾರೆ. ಅವರಿಗೂ ಈ ಮಾತು ಸಲ್ಲುತ್ತದೆ. ನೂಲಿಗೆ ಬಣ್ಣ ಹಾಕುವಾಗ ಎಲ್ಲ ಬಣ್ಣವೂ ನೂಲಿಗೆ ಹತ್ತುವುದಿಲ್ಲ. ಹತ್ತದೆ ಉಳಿದ ಬಣ್ಣ, ಅದರೊಂದಿಗೆ ಹಾಕಿದ ಉಪ್ಪು ತೊಳೆದ ನೀರಿನಲ್ಲಿ ಹೊರಗೆ ಹೋಗುತ್ತವೆ. ತೂಕ ಮಾಡಿ ಬಣ್ಣ ಹಾಕುವುದು, ನೀರನ್ನು ಅಳತೆಗೆ ಬಳಸುವುದು, ಕಡೆಯ ಸಲ ತೊಳೆದ ತಿಳಿ ನೀರನ್ನು ಮುಂದಿನ ಗಂಟಿನ ಮೊದಲ ತೊಳೆತಕ್ಕೆ ಇಟ್ಟುಕೊಳ್ಳುವುದು, ಇಷ್ಟರಿಂದಲೇ ಹೊಲಸು ನೀರು ಬಹಳ ಕಡಿಮೆಯಾಗುತ್ತದೆ. ಮಾಲಕನಿಗೆ ಬಣ್ಣ ಉಳಿಯುತ್ತದೆ, ನೀರಿನ ಖರ್ಚು ಉಳಿಯುತ್ತದೆ. ಮಾಲಿನ್ಯ ತಡೆಯುವುದೆಂದರೆ ನಷ್ಟದ ಬಾಬತ್ತು ಎಂಬ ತಿಳುವಳಿಕೆ ತಪ್ಪು. ಗಟಾರಕ್ಕೆ ಹೋಗುವ ಬಣ್ಣಕ್ಕೂ ಮಾಲಕನು ಕಾಸು ಕೊಟ್ಟಿರುತ್ತಾನೆ.

ಊರೊಳಗಿನ ಕಸ

ಕಾರಖಾನೆಯ ಕಡೆಗೆ ಬೆರಳು ತೋರಿಸುವ ಮೊದಲು ನಮ್ಮ ಓಣಿಯನ್ನೂ ನೋಡಬೇಕಲ್ಲವೇ? ಸಂತ ಗಾಡಗೆ ಮಹಾರಾಜರು ಪೊರಕೆ ಹಿಡಿದು ಹಳ್ಳಿ ಹಳ್ಳಿ ಗುಡಿಸಿ 1956ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ರಾಮ ಸ್ವಚ್ಛತಾ ಅಭಿಯಾನವನ್ನು ಮಹಾರಾಷ್ಟ್ರ ಸರಕಾರ 2000ರಲ್ಲಿ ಆರಂಭಿಸಿತು. ಅದರಲ್ಲಿ ಕಲಿಯಬೇಕಾದುದು ಬಹುಮಾನವನ್ನಲ್ಲ, ಕ್ರಮವನ್ನು.

ತಿಪ್ಪೆ: ಬಯಲಿನಲ್ಲಿ ಗುಡ್ಡೆ ಹಾಕಿದ ತಿಪ್ಪೆಯ ಸಾರವನ್ನು ಬಿಸಿಲು ಅರ್ಧ ತಿನ್ನುತ್ತದೆ, ಮಳೆ ಅರ್ಧ ತೊಳೆಯುತ್ತದೆ. ಕಸವನ್ನು ಗೊಬ್ಬರ ಮಾಡುವ ಶಾಸ್ತ್ರದಲ್ಲಿ ನಮ್ಮ ನಾಡಿನವರೇ ಮುಂದೆ. ಇಂದೂರಿನಲ್ಲಿ ಆಲ್ಬರ್ಟ್ ಹಾವರ್ಡ್ ಮತ್ತು ಯಶವಂತ ವಾಡ ಅವರು ಮಾಡಿದ ಪ್ರಯೋಗಗಳು 1931ರಲ್ಲಿ ಪುಸ್ತಕವಾಗಿ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ಕಂಡುಹಿಡಿದ ಗುಂಡಿಯ ಪದ್ಧತಿಗೆ ಬೆಂಗಳೂರು ಪದ್ಧತಿ ಎಂದೇ ಹೆಸರಾಯಿತು. ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದಲ್ಲಿ ನಾರಾಯಣ ದೇವತಾವ ಪಾಂಢರಿಪಾಂಡೆಯವರು ಕಂಡುಹಿಡಿದ ನಾಡೆಪ್ ತೊಟ್ಟಿ ಒಕ್ಕಲಿಗರಿಗೆ ಬಹಳ ಅನುಕೂಲ. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಇಟ್ಟಂಗಿಯ ತೊಟ್ಟಿ. ಗಾಳಿಯಾಡಲು ಗೋಡೆಯಲ್ಲಿ ಕಿಂಡಿಗಳು. ಅದರಲ್ಲಿ ಅರ್ಧ ಅಡಿ ಕಸ ಕಡ್ಡಿಯ ಪದರು, ಮೇಲೆ ಸೆಗಣಿಯ ನೀರು, ಮೇಲೆ ಜರಡಿ ಹಿಡಿದ ಮಣ್ಣು, ಹೀಗೆ ಹತ್ತು ಹನ್ನೆರಡು ಪದರು ಹಾಕಿ ಮಣ್ಣು ಸೆಗಣಿಯಿಂದ ಮೆತ್ತಬೇಕು. ಒಂದು ತೊಟ್ಟಿಗೆ ಬೇಕಾಗುವ ಸೆಗಣಿ ಬರೀ 100 ಕಿಲೋ. ಮೂರು ನಾಲ್ಕು ತಿಂಗಳಲ್ಲಿ ಸುಮಾರು 3 ಟನ್ ಗೊಬ್ಬರ ಕೈಗೆ ಬರುತ್ತದೆ. ದನಗಳು ಕಡಿಮೆಯಾದ ಈ ಕಾಲಕ್ಕೆ ಇದಕ್ಕಿಂತ ಸೋವಿಯ ದಾರಿ ಇಲ್ಲ.

ಗೋಬರ್ ಗ್ಯಾಸ್: ನಾಲ್ಕೈದು ದನ ಕಟ್ಟಿದವರು 2 ಘನ ಮೀಟರಿನ ಗೋಬರ್ ಗ್ಯಾಸ್ ಹಾಕಿಸಬಹುದು. ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು ಹಾಕಿದರೆ ಐದಾರು ಮಂದಿಯ ಅಡಿಗೆಯಾಗುತ್ತದೆ. ಕುಳ್ಳು ಉರಿಸಿದರೆ ಗೊಬ್ಬರ ಹೋಗುತ್ತದೆ. ಗ್ಯಾಸಿನಲ್ಲಾದರೆ ಉರಿಯೂ ಸಿಕ್ಕುತ್ತದೆ, ಗೊಬ್ಬರವೂ ಉಳಿಯುತ್ತದೆ. ಒಲೆಯ ಹೊಗೆಯಿಂದ ತಾಯಂದಿರ ಕಣ್ಣಿಗೂ ಎದೆಗೂ ಬಿಡುಗಡೆ.

ಬಚ್ಚಲ ನೀರು: ಮೊದಲು ಅದನ್ನು ಹಿತ್ತಲಿನ ಬಾಳೆಗೆ, ನುಗ್ಗೆಗೆ ತಿರುಗಿಸಬೇಕು. ಜಾಗವಿಲ್ಲದವರು ಇಂಗುಗುಂಡಿ ತೋಡಬೇಕು. ನಾಂದೇಡ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಇಂಗುಗುಂಡಿ ಮಾಡಿ ಬಯಲು ಗಟಾರವನ್ನೇ ಇಲ್ಲವಾಗಿಸಿ ಸೊಳ್ಳೆಯ ಕಾಟ ಕಳೆದುಕೊಂಡರು. ನಮ್ಮ ಕಡೆಗೆ ಒಂದು ತೊಡಕುಂಟು. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಆದುದರಿಂದ ಗರಸು ಹತ್ತುವವರೆಗೆ ತೋಡಿ, ಕೆಳಗೆ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಬೇಕು. ಕುಡಿಯುವ ಬಾವಿ, ಬೋರುಗಳಿಂದ 50 ಅಡಿಯಾದರೂ ದೂರವಿರಬೇಕು. ಶೌಚದ ನೀರನ್ನು ಇದಕ್ಕೆ ಬಿಡಲೇಬಾರದು.

ಪ್ಲಾಸ್ಟಿಕ್ ಮತ್ತು ಔಷಧದ ಡಬ್ಬಿ: ಮಹಾರಾಷ್ಟ್ರದಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕೆ 2018ರಲ್ಲಿಯೇ ನಿರ್ಬಂಧ ಬಂತು. ಸಂತೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯುವ ಹಳೆಯ ರೂಢಿಯನ್ನೇ ಮರಳಿ ತರಬೇಕು. ಪ್ಲಾಸ್ಟಿಕ್ ಸುಡುವುದು ರವದಿ ಸುಡುವುದಕ್ಕಿಂತ ಕೆಟ್ಟದು. ಅದರ ಹೊಗೆ ವಿಷ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿಕೊಳ್ಳಬೇಕು. ಆಮೇಲೆ ಡಬ್ಬಿಗೆ ತೂತು ಹೊಡೆದುಬಿಡಬೇಕು. ಹಳ್ಳದಲ್ಲಿ, ಬಾವಿಯ ಕಟ್ಟೆಯ ಮೇಲೆ ಪಂಪು ತೊಳೆಯುವುದನ್ನು ಇಂದೇ ಬಿಡಬೇಕು.

ಹೇಳಿಕೊಳ್ಳುವ ದಾರಿ

ನಮ್ಮ ಕೆಲಸ ನಾವು ಮಾಡಿದ ಮೇಲೆ ಇತರರ ತಪ್ಪನ್ನು ಕೇಳುವ ಅಧಿಕಾರವೂ ನಮಗಿದೆ. ಮಹಾರಾಷ್ಟ್ರವು ನೀರಿನ ಮಾಲಿನ್ಯ ತಡೆಯಲು 1969ರಲ್ಲಿಯೇ ಕಾಯದೆ ಮಾಡಿ, 1970ರ ಸಪ್ಟೆಂಬರ್ 7ರಂದು ಮಂಡಳಿ ಕಟ್ಟಿತು. ಇಡೀ ದೇಶದ ಜಲ ಕಾಯದೆ ಬಂದದ್ದು 1974ರಲ್ಲಿ, ವಾಯು ಕಾಯದೆ 1981ರಲ್ಲಿ. ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಯಾವ ಕಾರಖಾನೆಯೂ ಹೊಲಸು ನೀರು ಬಿಡುವಂತಿಲ್ಲ. ಮಂಡಳಿಯ ಕಚೇರಿ ಸೊಲ್ಲಾಪುರದಲ್ಲಿದೆ.

ಹಳ್ಳದ ನೀರು ಕೆಟ್ಟಿತೆಂದು ಕಂಡರೆ ಕೂಗಾಡಿ ಬಿಟ್ಟರೆ ಕೆಲಸವಾಗದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಯಾವ ಬಣ್ಣ, ಯಾವ ವಾಸನೆ ಎಂಬುದನ್ನು ಬರೆದಿಡಬೇಕು. ಫೋಟೋ ತೆಗೆಯಬೇಕು. ಮೀನು, ದನ ಸತ್ತಿದ್ದರೆ ಪಂಚನಾಮೆ ಮಾಡಿಸಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ ಅದರೊಂದಿಗೆ ಅರ್ಜಿ ಕಳಿಸಿ ಪೋಚ್ ಪಡೆಯಬೇಕು. ಮಂಡಳಿಯವರು ಬಂದು ನೀರಿನ ಮಾದರಿ ತೆಗೆಯುವಾಗ ಊರಿನ ನಾಲ್ಕು ಜನ ಹಾಜರಿರಬೇಕು. ತಡವಾದರೆ ಹಳ್ಳ ಹರಿದುಹೋಗುತ್ತದೆ, ಸಾಕ್ಷಿಯೂ ಅದರೊಂದಿಗೆ ಹೋಗುತ್ತದೆ.

ದೊಡ್ಡ ಕಾರಖಾನೆಗಳು ಹೊಸದಾಗಿ ಬರುವಾಗ, ಇಲ್ಲವೆ ದೊಡ್ಡದಾಗುವಾಗ, ಜನರ ಅಹವಾಲು ಕೇಳುವ ಪದ್ಧತಿ 2006ರ ಕೇಂದ್ರ ಅಧಿಸೂಚನೆಯಲ್ಲಿದೆ. ಇಂಥ ಸಭೆ ಬೇಕಾದ ಯೋಜನೆಗಳಲ್ಲಿ 30 ದಿನ ಮೊದಲು ಪತ್ರಿಕೆಯಲ್ಲಿ ಜಾಹೀರು ಮಾಡಬೇಕು. ಸಭೆಯಲ್ಲಿ ಯಾವ ರೈತನೂ ಎದ್ದು ಕೇಳಬಹುದು. ಆದರೆ ಆ ಕಾಗದಗಳೆಲ್ಲ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇರುವುದರಿಂದ ನಮ್ಮವರು ಹಿಂದೆ ಸರಿದು ಕೂಡುತ್ತಾರೆ. ಹಾಗೆ ಕೂಡಬಾರದು. ಮರಾಠಿ ಬಲ್ಲ ಶಾಲೆಯ ಹುಡುಗರಿಂದ ಓದಿಸಿ, ಕನ್ನಡದಲ್ಲಿ ತಿಳಿದುಕೊಂಡು, ಸಭೆಯಲ್ಲಿ ಬಂದ ಭಾಷೆಯಲ್ಲಿ ಕೇಳಬೇಕು.

ಕಾಗದಗಳಲ್ಲಿ ಬರುವ ಕೆಲವು ಮರಾಠಿ ಮಾತುಗಳ ಅರ್ಥ ಇಲ್ಲಿ ಕೊಡುತ್ತೇವೆ. ಕತ್ತರಿಸಿ ಇಟ್ಟುಕೊಂಡರೆ ಉಪಯೋಗವಾದೀತು. ಪಾಚಟ ಎಂದರೆ ರವದಿ. ಖೋಡವಾ ಎಂದರೆ ಕೂಳೆ ಕಬ್ಬು. ಸಾಂಡಪಾಣಿ ಎಂದರೆ ಹೊಲಸು ನೀರು. ಶೋಷಖಡ್ಡಾ ಎಂದರೆ ಇಂಗುಗುಂಡಿ. ಪ್ರದೂಷಣ ಎಂದರೆ ಮಾಲಿನ್ಯ. ತಕ್ರಾರ್ ಎಂದರೆ ದೂರು. ಜನಸುನಾವಣಿ ಎಂದರೆ ಜನರ ಅಹವಾಲು ಕೇಳುವ ಸಭೆ.

ಈ ಹಂಗಾಮಿಗೆ ಏನು ಮಾಡೋಣ?

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಯಾರಿಂದಲೂ ಆಗದು. ಕೂಳೆ ಬಿಡುವ ಪ್ರತಿಯೊಬ್ಬ ರೈತನೂ ಈ ಸಲ ಒಂದು ಎಕರೆಯಲ್ಲಾದರೂ ರವದಿ ಸುಡದೆ ಕೊಳೆಸಿ ನೋಡಲಿ. ಪಕ್ಕದಲ್ಲಿ ಸುಟ್ಟ ಹೊಲವಿದ್ದರೆ ಇನ್ನೂ ಒಳ್ಳೆಯದು. ಎಷ್ಟು ಸಲ ನೀರು ಹಾಯಿಸಿದಿರಿ, ಎಷ್ಟು ಸಲ ಕಳೆ ತೆಗೆದಿರಿ, ಎಷ್ಟು ಚೀಲ ಗೊಬ್ಬರ ಹಾಕಿದಿರಿ, ಕಡೆಗೆ ಎಷ್ಟು ಟನ್ ಬಂತು ಎಂದು ಎರಡೂ ಹೊಲಗಳ ಲೆಕ್ಕ ಬರೆದಿಡಿ. ಮಾತಿಗಿಂತ ಲೆಕ್ಕವೇ ಹೆಚ್ಚು ಜನರನ್ನು ಒಪ್ಪಿಸುತ್ತದೆ. ಟೋಳಿ ಬರುವ ಮೊದಲೇ ಜೀವಾಣು ಗೊಬ್ಬರ, ಸೂಪರ್ ಫಾಸ್ಫೇಟ್ ತಂದು ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಕಬ್ಬು ಹೋದ ವಾರದೊಳಗೆ ಈ ಕೆಲಸ ಮುಗಿಯಬೇಕು.